ನಮ್ಮನ್ನು ಕಾಯುವ ಗೋಡೆ ಯಾವುದು?



ನಮ್ಮ ಭಾಗದ ಹಳೆಯ ಊರುಗಳಲ್ಲಿ ಇಂದಿಗೂ ಅಲ್ಲಲ್ಲಿ ಒಂದೊಂದು ಹುಡೆ ನಿಂತಿರುವುದನ್ನು ತಾವೆಲ್ಲರೂ ನೋಡಿದ್ದೀರಿ. ಮರಾಠಿಯವರು ಅದಕ್ಕೆ ಬುರುಜ ಎನ್ನುತ್ತಾರೆ. ಕೆಲವು ಅರ್ಧ ಕುಸಿದಿವೆ, ಕೆಲವುಗಳ ಕಲ್ಲು ಯಾರದೋ ಮನೆಯ ಗೋಡೆ ಸೇರಿವೆ, ಕೆಲವುಗಳ ನೆತ್ತಿಯ ಮೇಲೆ ಬೇವಿನ ಗಿಡ ಬೆಳೆದಿದೆ. ಹಿಂದೆ ರಾಶಿಯ ಕಾಲ ಬಂದಿತೆಂದರೆ ಕಾವಲುಗಾರನೊಬ್ಬ ಆ ಹುಡೆ ಏರಿ ಕೂಡುತ್ತಿದ್ದನು. ದೂರದಲ್ಲಿ ಕುದುರೆಗಳ ಧೂಳು ಎದ್ದದ್ದು ಕಂಡರೆ ಕೂಗು ಹಾಕುತ್ತಿದ್ದನು. ಊರ ಅಗಸಿ ಮುಚ್ಚುತ್ತಿತ್ತು, ಜೋಳ ಹಗೇವು ಸೇರುತ್ತಿತ್ತು, ಹೆಣ್ಣುಮಕ್ಕಳು ಒಳಕೋಣೆ ಸೇರುತ್ತಿದ್ದರು.

ಆ ಕಾಲ ಹೋಯಿತು. ಪೆಂಢಾರಿಗಳು ಹೋದರು, ದಂಡುಗಳು ಹೋದವು. ಆದರೆ ಭಯ ಹೋಗಲಿಲ್ಲ. ಒಕ್ಕಲಿಗನಿಗೆ ಮಳೆಯ ಭಯ, ದರದ ಭಯ, ಸಾಲದ ಭಯ. ವ್ಯಾಪಾರಸ್ಥನಿಗೆ ಉದ್ರಿ ಮುಳುಗುವ ಭಯ. ತಂದೆ ತಾಯಿಗಳಿಗೆ ಮಕ್ಕಳು ಎಲ್ಲಿ ಕೈತಪ್ಪಿ ಹೋಗುವರೋ ಎಂಬ ಭಯ. ಆದ್ದರಿಂದ ನಾವೂ ನಮ್ಮ ನಮ್ಮ ಹುಡೆಗಳನ್ನು ಕಟ್ಟಿಕೊಳ್ಳುತ್ತಿದ್ದೇವೆ. ಎತ್ತರದ ಮನೆ, ದಪ್ಪನೆಯ ಕಂಪೌಂಡು, ಬ್ಯಾಂಕಿನ ಠೇವಣಿ, ನಾಲ್ಕು ಜನ ಪುಢಾರಿಗಳ ಪರಿಚಯ. ಇವು ನಮ್ಮನ್ನು ಕಾಯಬಲ್ಲವೇ? ಮನುಷ್ಯನನ್ನು ನಿಜವಾಗಿ ಕಾಯುವ ಗೋಡೆ ಯಾವುದು? ಈ ಪ್ರಶ್ನೆಯ ವಿಚಾರ ಮಾಡಲು ಈ ಸಲ ಗ್ರಂಥವನ್ನು ಪಕ್ಕಕ್ಕಿಟ್ಟು ಒಂದು ಗುಡ್ಡದ ಹಾದಿ ಹಿಡಿಯೋಣ.

ಉಮರ್ಗಾದಿಂದ ಸೊಲ್ಲಾಪುರಕ್ಕೆ ಹೋಗಿಬರುವವರಿಗೆ ನಳದುರ್ಗ ಹೊಸದಲ್ಲ. ಮಾಲು ತುಂಬಿಕೊಂಡು ಹೋಗುವ ನಮ್ಮ ವ್ಯಾಪಾರಸ್ಥರು ಆ ಕಪ್ಪು ಕೋಟೆಯನ್ನು ನೂರು ಸಲ ನೋಡಿರುತ್ತಾರೆ. ನೋಡಿದವರು ಬಹಳ, ಇಳಿದು ಏರಿದವರು ಕಡಿಮೆ. ಉಮರ್ಗಾ, ನಿಲಂಗಾ, ಉದಗೀರ ಕಡೆಯ ಕೆಲವು ಭಕ್ತರೊಡನೆ ನಾವು ನೆರೆಯ ಅಣದೂರಿನಿಂದ ಕಾಲ್ನಡಿಗೆಯಲ್ಲಿ ಹೊರಟು ಆ ಕೋಟೆಯ ಅತಿ ಎತ್ತರದ ಹುಡೆಯವರೆಗೆ ಹೋಗಿಬಂದೆವು.

ಅಣದೂರಿನಿಂದಲೇ ಏಕೆ ಎಂದು ಕೇಳಬಹುದು. ಆ ಎರಡು ಊರುಗಳ ನಡುವಿನ ಹಾದಿಯೇ ಒಂದು ಪಾಠವಾಗಿದೆ. ಅಲ್ಲಿಯ ಖಂಡೋಬಾ, ನಮ್ಮ ಕನ್ನಡದವರ ಬಾಯಲ್ಲಿ ಮೈಲಾರ, ವರ್ಷದಲ್ಲಿ ಸುಮಾರು ಹತ್ತು ತಿಂಗಳು ಅಣದೂರಿನ ಗುಡಿಯಲ್ಲಿ, ಸುಮಾರು ಎರಡು ತಿಂಗಳು ನಳದುರ್ಗದ ಗುಡಿಯಲ್ಲಿ ಇರುತ್ತಾನೆ. ಮೂರ್ತಿಯು ಪಲ್ಲಕ್ಕಿಯಲ್ಲಿ ಈ ಊರಿನಿಂದ ಆ ಊರಿಗೆ ಹೋಗುವಾಗ ಎರಡೂ ಊರಿನ ಮಾನಕರಿಗಳು ಕೂಡಿ ಕರಾರು ಬರೆದುಕೊಳ್ಳುತ್ತಾರೆ. ನಮ್ಮ ನಿಷ್ಠೆ ಇಷ್ಟಲಿಂಗದಲ್ಲಿರುವುದು ನಿಜ. ಆದರೆ ಒಂದು ಬಾಂದುಗಲ್ಲಿಗಾಗಿ ಅಣ್ಣತಮ್ಮಂದಿರು ಕೋರ್ಟಿನ ಕಟ್ಟೆ ಏರುವ ಈ ದಿನಮಾನಗಳಲ್ಲಿ, ಒಬ್ಬ ದೇವರನ್ನು ಎರಡು ಊರು ಹಂಚಿಕೊಂಡು ಬಾಳುತ್ತಿವೆ ಎಂದರೆ ಆ ಹಾದಿಯಲ್ಲಿ ಚಪ್ಪಲಿ ಕಳಚಿ ನಡೆದರೂ ತಪ್ಪಲ್ಲ.

ಬಾಲಾಘಾಟದ ಈ ಸಾಲು ಸಹ್ಯಾದ್ರಿಯಂತೆ ಕಡಿದಾದುದಲ್ಲ. ಸೋಯಾಬೀನು, ತೊಗರಿಯ ಎರೆ ಹೊಲಗಳು ಮುಗಿದು ಮೊರಮು ನೆಲ ಬರುತ್ತದೆ. ಮೊರಮು ಮುಗಿದು ಕಪ್ಪು ಬಂಡೆ ಬರುತ್ತದೆ. ಆ ಬಂಡೆಯ ದಿಣ್ಣೆಯನ್ನು ಬೋರಿ ನದಿ ಬಳಸಿಕೊಂಡು ಹರಿಯುತ್ತದೆ. ದಾರಿಯಲ್ಲಿ ಮೊದಲು ಏದುಸಿರು ಬಿಟ್ಟವರು ಮುದುಕರಲ್ಲ. ಮನೆಯಿಂದ ಅಂಗಡಿಗೂ ಮೋಟಾರು ಸೈಕಲ್ಲಿನಲ್ಲೇ ಹೋಗುವ ನಮ್ಮ ಹುಡುಗರು.

ಈ ಕೋಟೆಯನ್ನು ಮೊದಲು ಕಟ್ಟಿದವರು ಕಲ್ಯಾಣದ ಚಾಲುಕ್ಯರ ಸಾಮಂತರೆಂದು ಹೇಳುತ್ತಾರೆ. ಆಮೇಲೆ ಬಹಮನಿಗಳು ಬಂದರು. 16ನೆಯ ಶತಮಾನದಲ್ಲಿ ವಿಜಯಪುರದ ಆದಿಲಶಾಹಿಗಳು ಇದನ್ನು ಕಲ್ಲಿನಿಂದ ಬಲಪಡಿಸಿದರು. ಅನಂತರ ಮೊಗಲರು, ಅವರ ನಂತರ ಹೈದರಾಬಾದಿನ ನಿಜಾಮರು. ಬಂದವರೆಲ್ಲರೂ ತಮ್ಮ ಭಯಕ್ಕೆ ತಕ್ಕಂತೆ ಗೋಡೆಯನ್ನು ಗಟ್ಟಿ ಮಾಡಿಕೊಂಡರು. ಕೋಟೆಯ ಸುತ್ತು ಸುಮಾರು 3 ಕಿಲೋಮೀಟರ, ಹುಡೆಗಳು ನೂರಕ್ಕೂ ಮೇಲೆ. ಎಲ್ಲಕ್ಕಿಂತ ಎತ್ತರದ್ದು ಉಪ್ಲಿ ಬುರುಜ. ವಿಜಯಪುರದಲ್ಲಿಯೂ ಇದೇ ಹೆಸರಿನ ಎತ್ತರದ ಬುರುಜು ಇರುವುದನ್ನು ಯಾತ್ರೆಗೆ ಹೋದವರು ನೋಡಿರಬಹುದು. ನಳದುರ್ಗದ ಈ ಹುಡೆಗೆ 77 ಮೆಟ್ಟಿಲು. ಮೇಲೆ ಹತ್ತಿ ತೋಪು, ಮಗರ ತೋಪು ಎಂಬ ಎರಡು ಉದ್ದನೆಯ ಫಿರಂಗಿಗಳು. ಅಲ್ಲಿ ನಿಂತರೆ ಎಂಟು ದಿಕ್ಕಿನ ಹೊಲಮನೆ, ಹೆದ್ದಾರಿ, ನದಿ ಎಲ್ಲವೂ ಅಂಗೈಯಲ್ಲಿ ಇಟ್ಟಂತೆ ಕಾಣುತ್ತವೆ.

ಇಷ್ಟೆಲ್ಲ ಇದ್ದ ಕೋಟೆಯು 13 ಸೆಪ್ಟೆಂಬರ 1948ರಂದು ಒಂದೇ ದಿನದಲ್ಲಿ ಕೈಬಿಟ್ಟು ಹೋಯಿತು. ಭಾರತದ ಸೈನ್ಯವು ಸೊಲ್ಲಾಪುರದ ಕಡೆಯಿಂದ ಹೈದರಾಬಾದ ಸಂಸ್ಥಾನದೊಳಗೆ ಕಾಲಿಟ್ಟ ಮೊದಲ ದಿನವದು. ಬೋರಿ ನದಿಯ ಸೇತುವೆಯನ್ನು ಕೆಡದಂತೆ ವಶಪಡಿಸಿಕೊಂಡು ಸೈನಿಕರು ನಳದುರ್ಗವನ್ನು ಹಿಡಿದರು. ಅದೇ ತಿಂಗಳು 17ರಂದು ನಿಜಾಮರ ರಾಜ್ಯವೇ ಶರಣಾಯಿತು. ಆ ಕಾಲದ ರಜಾಕಾರರ ಹಾವಳಿಯಲ್ಲಿಯೂ, ಅದರ ಹಿಂದೆಯೇ ಬಂದ ಸೇಡಿನ ದಿನಗಳಲ್ಲಿಯೂ ಈ ಭಾಗದ ಬಡವರೇ ಹೆಚ್ಚು ಅನುಭವಿಸಿದರು. ಕೋಟೆಯ ಗೋಡೆ ಆ ಕಡೆಯವರನ್ನೂ ಕಾಯಲಿಲ್ಲ, ಈ ಕಡೆಯವರನ್ನೂ ಕಾಯಲಿಲ್ಲ.

ನಮ್ಮ ಉದಗೀರದ ಮಾತನ್ನೇ ತೆಗೆದುಕೊಳ್ಳಿರಿ. 1760ರ ಫೆಬ್ರುವರಿಯಲ್ಲಿ ಅಲ್ಲಿ ಸದಾಶಿವರಾವ ಭಾವೂ ನಿಜಾಮರ ಸೈನ್ಯವನ್ನು ಸೋಲಿಸಿದನು. ಎಷ್ಟೋ ಕೋಟೆಗಳು, ಲಕ್ಷಗಟ್ಟಲೆ ವರಮಾನದ ನಾಡು ಪೇಶವೆಯವರಿಗೆ ಸಿಕ್ಕಿತು. ದಕ್ಷಿಣದಲ್ಲಿ ತನಗೆ ಎದುರಿಲ್ಲವೆಂಬ ಕೀರ್ತಿಯೊಡನೆ ಭಾವೂ ಉತ್ತರಕ್ಕೆ ಹೋದನು. 1761ರ ಜನವರಿ 14ರಂದು ಪಾಣಿಪತ್ತಿನಲ್ಲಿ ಮಣ್ಣಾದನು. ಉದಗೀರದ ಗೆಲುವಿಗೂ ಆ ಸಾವಿಗೂ ನಡುವೆ ಒಂದು ವರ್ಷವೂ ಪೂರ್ತಿ ಇರಲಿಲ್ಲ.

ಹುಡೆಯ ಮೇಲೆ ನಮ್ಮ ಜೊತೆಗಿದ್ದ ಹುಡುಗನೊಬ್ಬನು ಒಬ್ಬ ಹಿರಿಯ ಒಕ್ಕಲಿಗರನ್ನು ಕೇಳಿದನು: “ಮುತ್ಯಾ, ಇಷ್ಟ ಎತ್ತರದ ಹುಡೆ ಇದ್ದು, ತೋಪು ಇದ್ದು, ಕೋಟಿ ಯಾಕ ಹೋತು?”

ಆ ಹಿರಿಯರು ಕಿಲ್ಲಾರಿಯ ಕಡೆಯವರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ತಮ್ಮಾ, ಹುಡೆ ಮ್ಯಾಲ ನಿಂತವಗ ದೂರದ್ದು ಕಾಣ್ತದ. ಕಾಲ ಕೆಳಗಿಂದು ಕಾಣಂಗಿಲ್ಲ.”

ಕಿಲ್ಲಾರಿಯವರ ಬಾಯಿಂದ ಬಂದ ಈ ಮಾತು ಬರಿಯ ಮಾತಲ್ಲ. 1993ರಲ್ಲಿ ಈ ನಾಡು ಕಂಡದ್ದನ್ನು ನೋಡಿದವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅಂದು ಅನಂತ ಚತುರ್ದಶಿ. ಗಣಪತಿಯನ್ನು ನೀರಿಗೆ ಬಿಟ್ಟು ಜನ ತಡವಾಗಿ ಮಲಗಿದ್ದರು. ಮರುದಿನ ಸೆಪ್ಟೆಂಬರ 30ರ ನಸುಕಿನಲ್ಲಿ, 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ಲಾತೂರ ಮತ್ತು ಅಂದಿನ ಉಸ್ಮಾನಾಬಾದ, ಈಗಿನ ಧಾರಾಶಿವ ಜಿಲ್ಲೆಗಳಲ್ಲಿ ಸುಮಾರು ಹತ್ತು ಸಾವಿರ ಜೀವ ಹೋದವು. ಮುಂದೆ 52 ಹಳ್ಳಿಗಳನ್ನು ಹಳೆಯ ಜಾಗ ಬಿಟ್ಟು ಹೊಸ ಜಾಗದಲ್ಲಿ ಕಟ್ಟಬೇಕಾಯಿತು. ಆ ಹಿಂದಿನ ವರ್ಷ, 1992ರಲ್ಲಿಯೇ, ಕಿಲ್ಲಾರಿಯ ಸುತ್ತ ನೆಲ ಅನೇಕ ಸಲ ಸಣ್ಣಗೆ ಅದುರಿತ್ತು. ಭೂಮಿ ಕೂಗಿ ಹೇಳಿತ್ತು. ಆ ಕೂಗಿನ ಅರ್ಥ ತಿಳಿಯುವ ಹುಡೆ ಯಾರ ಊರಿನಲ್ಲಿಯೂ ಇರಲಿಲ್ಲ.

ಇಲ್ಲಿ ಒಂದು ಮಾತನ್ನು ಮನಸ್ಸಿಟ್ಟು ಕೇಳಬೇಕು. ಆ ಭೂಕಂಪದ ಅಳತೆ 6.2ರಷ್ಟು. ಇದಕ್ಕಿಂತ ದೊಡ್ಡ ಭೂಕಂಪಗಳು ಜಗತ್ತಿನಲ್ಲಿ ಅನೇಕ ಆಗಿವೆ, ಇಷ್ಟು ಜನ ಸಾಯದೆ ಹೋಗಿದ್ದಾರೆ. ನಮ್ಮಲ್ಲಿ ಮಾತ್ರ ಇಷ್ಟೊಂದು ಜನ ಏಕೆ ಹೋದರು? ಬಲ್ಲವರು ಬಿದ್ದ ಮನೆಗಳನ್ನು ಪರೀಕ್ಷಿಸಿ ಕಾರಣ ಹೇಳಿದರು. ನಮ್ಮ ಮನೆಗಳ ಗೋಡೆ ಕಲ್ಲು ಮಣ್ಣಿನವು, ಎರಡು ಮೊಳಕ್ಕೂ ದಪ್ಪ. ಬಿಸಿಲು ತಾಗಬಾರದು, ಕಳ್ಳ ಕನ್ನ ಹಾಕಬಾರದು ಎಂದು ಹಿರಿಯರು ಹಾಗೆ ಕಟ್ಟಿದ್ದರು. ಮೇಲೆ ಮಣ್ಣಿನ ಮಾಳಿಗೆ. ಸೋರಬಾರದೆಂದು ಮತ್ತೆ ಮತ್ತೆ ಮಣ್ಣು ಹಾಕಿ ಭಾರ ಏರಿತ್ತು. ಆದರೆ ಆ ದಪ್ಪ ಗೋಡೆ ಒಂದೇ ಗೋಡೆ ಆಗಿರಲಿಲ್ಲ. ಹೊರಗೆ ಚೊಕ್ಕ ಕಲ್ಲಿನ ಒಂದು ಮೈ, ಒಳಗೆ ಇನ್ನೊಂದು ಮೈ, ನಡುವೆ ಚೂರುಕಲ್ಲು ಮತ್ತು ಮಣ್ಣು. ಎರಡೂ ಮೈಗಳನ್ನು ಹಿಡಿದು ನಿಲ್ಲುವ ಉದ್ದನೆಯ ಕಲ್ಲು, ಅಂದರೆ ಹೊರಗಿನಿಂದ ಒಳಗಿನವರೆಗೆ ಹಾಯ್ದು ಬರುವ ಕಟ್ಟುಗಲ್ಲು, ಅಲ್ಲಿ ಇರಲಿಲ್ಲ. ನೆಲ ಅದುರಿದಾಗ ಹೊರಗಿನ ಮೈ ಹೊರಕ್ಕೆ ಹೋಯಿತು, ಒಳಗಿನ ಮೈ ಮಲಗಿದವರ ಮೇಲೆ ಬಿತ್ತು, ಅದರ ಮೇಲೆ ಮಾಳಿಗೆಯ ಮಣ್ಣು ಬಿತ್ತು. ಕಾಯಲೆಂದು ಕಟ್ಟಿದ ಗೋಡೆಯೇ ಕೊಂದಿತು.

ಸದ್ಭಕ್ತರೆ, ಸತ್ತವರ ತಪ್ಪು ಇದರಲ್ಲಿ ಏನೂ ಇಲ್ಲ. ಯಾವುದೋ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಯಾರಾದರೂ ಹೇಳಿದರೆ ಅದನ್ನು ನಂಬಬೇಡಿರಿ. ತಾಯಿಯ ಮಗ್ಗುಲಲ್ಲಿ ಮಲಗಿದ ಕೂಸಿಗೆ ಎಲ್ಲಿಯ ಪಾಪ? ಕಟ್ಟುವ ರೀತಿ ತಿಳಿದಿರಲಿಲ್ಲ, ಅಷ್ಟೇ. ತಿಳಿದ ಮೇಲೆ ಕಟ್ಟುಗಲ್ಲು ಹಾಕುವುದನ್ನು, ಗೋಡೆಯ ಸುತ್ತ ಕಾಂಕ್ರೀಟಿನ ಪಟ್ಟಿ ಕಟ್ಟುವುದನ್ನು ಕಲಿಸಿದರು. ಈ ಅರಿವು ಕೂಡ ಧರ್ಮವೇ. ನಿಮ್ಮ ಊರಿನಲ್ಲಿ ಹಳೆಯ ಕಲ್ಲು ಮಣ್ಣಿನ ಮನೆಗಳು ಇನ್ನೂ ಇದ್ದರೆ ಬಲ್ಲವರನ್ನು ಕರೆದು ತೋರಿಸಿರಿ. ಜಾತ್ರೆಯ ಪಟಾಕಿಗೆ ಸುಡುವ ಹಣದಲ್ಲಿ ಒಬ್ಬ ಬಡವನ ಗೋಡೆ ಗಟ್ಟಿಯಾಗಬಹುದು.

ಈಗ ಆ ಗೋಡೆಯನ್ನು ಬಿಟ್ಟು ನಮ್ಮೊಳಗಿನ ಗೋಡೆಯನ್ನು ನೋಡೋಣ. ನಮಗೂ ಎರಡು ಮೈಗಳಿವೆ. ಹೊರಗೆ ವಿಭೂತಿ, ಕೊರಳಲ್ಲಿ ಲಿಂಗ, ಮಠಕ್ಕೆ ಕಾಣಿಕೆ, ನಾಲ್ಕು ಜನರಲ್ಲಿ ಮಾನ. ಒಳಗೆ ಸಿಟ್ಟು, ಆಸೆ, ಯಾರಿಗೂ ಹೇಳದ ಸಾಲ, ಯಾರಿಗೂ ಹೇಳದ ಅಂಜಿಕೆ. ಈ ಎರಡನ್ನೂ ಹಿಡಿದು ನಿಲ್ಲುವ ಕಟ್ಟುಗಲ್ಲು ಇದೆಯೇ? ಬೆಳಿಗ್ಗೆ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿದ ಕೈಯೇ ಮಧ್ಯಾಹ್ನ ತಕ್ಕಡಿ ಹಿಡಿಯುತ್ತದೆ. ಪೂಜೆಯ ಹೊತ್ತಿನ ಕೈಗೂ ತಕ್ಕಡಿಯ ಹೊತ್ತಿನ ಕೈಗೂ ಸಂಬಂಧ ತಪ್ಪಿದರೆ, ಗೋಡೆ ಎಷ್ಟು ದಪ್ಪವಿದ್ದರೇನು? ಶಾಂತ ಕಾಲದಲ್ಲಿ ಅದು ಚೆಂದವಾಗಿಯೇ ಕಾಣುತ್ತದೆ. ನೆಲ ಅದುರಿದ ದಿನ ಗೊತ್ತಾಗುತ್ತದೆ.

ಸೊನ್ನಲಿಗೆಯ ಸಿದ್ಧರಾಮೇಶ್ವರರ ಕಥೆಯನ್ನು ತಾವು ಬಲ್ಲಿರಿ. ಸೊನ್ನಲಿಗೆ ಎಂದರೆ ಇಂದಿನ ಸೊಲ್ಲಾಪುರವೇ. ಅವರು ಕೆರೆ ಕಟ್ಟಿಸಿದರು, ಗುಡಿ ಕಟ್ಟಿಸಿದರು, ಸಾವಿರಾರು ಜನರನ್ನು ಪುಣ್ಯದ ಕೆಲಸಕ್ಕೆ ಹಚ್ಚಿದರು. ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಅವರನ್ನು ತಡೆದು ಪ್ರಶ್ನೆ ಮಾಡಿದರು. ಹೊರಗೆ ಇಷ್ಟು ಕಟ್ಟಿದೆಯಲ್ಲ, ಒಳಗಿನ ಅರಿವಿಗೂ ಇದಕ್ಕೂ ಕೂಡಿಕೆ ಎಲ್ಲಿ ಎಂಬುದೇ ಆ ಪ್ರಶ್ನೆಯ ತಿರುಳು. ಸಿದ್ಧರಾಮರು ಮೊದಲು ಸಿಟ್ಟಾದರು, ಆಮೇಲೆ ಕಣ್ಣು ತೆರೆದರು, ಕಲ್ಯಾಣಕ್ಕೆ ಹೋಗಿ ಚನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ ಪಡೆದರು. ಆದರೆ ಅವರು ಕಟ್ಟಿಸಿದ ಕೆರೆ ವ್ಯರ್ಥವಾಯಿತೆಂದು ಯಾವ ಶರಣರೂ ಹೇಳಲಿಲ್ಲ. ಹೊರಗಿನ ಕಾಯಕ ಮತ್ತು ಒಳಗಿನ ಅರಿವು ಒಂದನ್ನೊಂದು ಹಿಡಿದುಕೊಂಡವು. ಕಟ್ಟುಗಲ್ಲು ಬಿದ್ದಿತು, ಗೋಡೆ ನಿಂತಿತು.

ನಿಂತ ಗೋಡೆಯನ್ನು ಕಣ್ಣಿನಿಂದಲೇ ನೋಡಬೇಕೆನ್ನುವವರು ಉಪ್ಲಿ ಬುರುಜದಿಂದ ಇಳಿದು ನದಿಯ ಕಡೆಗೆ ಬರಬೇಕು. ಬೋರಿ ನದಿಗೆ ಅಡ್ಡಲಾಗಿ, ನಳದುರ್ಗವನ್ನೂ ಎದುರಿನ ರಣಮಂಡಳ ಕೋಟೆಯನ್ನೂ ಕೂಡಿಸುವಂತೆ, ಒಂದು ಕಲ್ಲಿನ ಒಡ್ಡು ಇದೆ. ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ, 1613ರಲ್ಲಿ ಕಟ್ಟಿದ್ದು. ಆ ಒಡ್ಡಿನ ಹೊಟ್ಟೆಯೊಳಗೆ ಕೋಣೆಗಳಿವೆ. ಅದಕ್ಕೆ ಪಾಣಿ ಮಹಲ ಎನ್ನುತ್ತಾರೆ. ಮಳೆಗಾಲದಲ್ಲಿ ನದಿ ತುಂಬಿ ನೀರು ಎದುರಿಗೆ ಧುಮುಕುತ್ತಿದ್ದರೂ ಒಳಗೆ ಕುಳಿತವರ ಬಟ್ಟೆ ತೊಯ್ಯುವುದಿಲ್ಲ. ಸಂಸಾರದ ನಡುವೆ ಇದ್ದೂ ನೆನೆಯದೆ ಇರುವುದು ಹೇಗೆ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ.

ಆ ಒಡ್ಡಿಗೆ ನಾಲ್ಕು ನೂರು ವರ್ಷ ದಾಟಿದೆ. ಅದರ ಮೇಲೆ ಎಷ್ಟು ಮಹಾಪೂರ ಹೋಗಿವೆಯೋ! ಅದು ಒಡೆಯದೆ ಹೇಗೆ ಉಳಿಯಿತು? ಮೊದಲನೆಯದಾಗಿ, ಬಲ್ಲ ಕೈಗಳು ಕಲ್ಲಿಗೆ ಕಲ್ಲು ಹೊಂದಿಸಿ ಕಟ್ಟಿದ ಗಟ್ಟಿ ಗೋಡೆ ಅದು. ಎರಡನೆಯದಾಗಿ, ತನ್ನ ಅಳತೆಗೆ ಮೀರಿದ ನೀರನ್ನು ಅದು ಹಿಡಿದಿಟ್ಟುಕೊಳ್ಳುವುದಿಲ್ಲ. ಹೆಚ್ಚಿನ ನೀರು ಹೋಗಲು ಎರಡು ಬಾಯಿಗಳನ್ನು ಬಿಟ್ಟಿದ್ದಾರೆ. ಮಳೆಗಾಲದಲ್ಲಿ ಅವುಗಳಿಂದ ಬೀಳುವ ನೀರಿಗೆ ಜನ ನರ-ಮಾದಿ ಎಂದು ಹೆಸರಿಟ್ಟು ನೋಡಲು ಬರುತ್ತಾರೆ. ಬೇಕಾದಷ್ಟನ್ನು ಇಟ್ಟುಕೊಂಡು, ಹೆಚ್ಚಾದದ್ದನ್ನು ಕೆಳಗಿನವರಿಗೆ ಬಿಡುವುದು: ಇದಕ್ಕೆ ಶರಣರು ದಾಸೋಹ ಎಂದರು. ಬಿಡದೆ ಹಿಡಿದ ನೀರು ಒಡ್ಡನ್ನೇ ಒಡೆಯುತ್ತದೆ. ಹಂಚದೆ ಕೂಡಿಟ್ಟ ಗಂಟು ಮನೆಯನ್ನೇ ಒಡೆಯುವುದನ್ನು ನಾವು ಊರೂರಿನಲ್ಲಿ ನೋಡುತ್ತಿದ್ದೇವೆ.

ಇಂತಹ ಒಡ್ಡು ಕಟ್ಟಿದ ಈ ನಾಡಿನಲ್ಲಿಯೇ 2016ರ ಏಪ್ರಿಲದಲ್ಲಿ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ನೀರು ತರಬೇಕಾಯಿತು. ಮೊದಲ ಗಾಡಿಯಲ್ಲಿ ಹತ್ತು ಟ್ಯಾಂಕರ್ ಡಬ್ಬಿಗಳು, 5 ಲಕ್ಷ ಲೀಟರು. ನೀರಿನ ಜಾಗದಲ್ಲಿ ಗುಂಪುಗೂಡಬಾರದೆಂದು ಸರಕಾರ ಆಜ್ಞೆ ಹೊರಡಿಸಿತ್ತು. ನಾಲ್ಕು ಕೊಡ ನೀರಿಗೆ ನೆರೆಯವರು ನೆರೆಯವರ ಮುಖ ನೋಡದಂತಾದ ದಿನಗಳವು. ಮಳೆ ಕಡಿಮೆಯಾದದ್ದು ನಿಜ. ಆದರೆ ಬಿದ್ದ ಮಳೆಯನ್ನು ಹಿಡಿಯುವ ಕೆರೆಗಳಲ್ಲಿ ಹೂಳು ತುಂಬಿದ್ದೂ, ಒಬ್ಬರಿಗಿಂತ ಒಬ್ಬರು ಆಳಕ್ಕೆ ಬೋರು ಹೊಡೆಸಿದ್ದೂ ನಿಜವೇ.

ಕೊನೆಗೆ, ಕಣ್ಣಿಗೆ ಕಾಣದ ಒಂದು ಭೂಕಂಪದ ಮಾತು. ಮರಾಠವಾಡಾದಲ್ಲಿ ಸಾಲದ ಭಾರ ತಾಳಲಾರದೆ ರೈತರು ತಮ್ಮ ಜೀವ ತಾವೇ ಕಳೆದುಕೊಳ್ಳುವ ಸುದ್ದಿ ವರ್ಷ ವರ್ಷವೂ ಬರುತ್ತಿದೆ. ಅಂತಹ ಮನೆಗೆ ಹೋದಾಗ ನಾವು ಮತ್ತೆ ಮತ್ತೆ ಕೇಳುವ ಮಾತು ಒಂದೇ: “ಏನೂ ಹೇಳಿದ್ದಿಲ್ಲರಿ ಅಪ್ಪಾರೆ. ನಗುತ್ತಲೇ ಇದ್ದರು.” ಹೊರಗಿನ ಮೈ ನಗುತ್ತಿತ್ತು. ಒಳಗಿನ ಮೈ ಕುಸಿಯುತ್ತಿತ್ತು. ನಡುವೆ ಹಿಡಿಯುವ ಕಲ್ಲು ಇರಲಿಲ್ಲ. ಆ ಕಲ್ಲು ಯಾರಾಗಬೇಕಿತ್ತು? ಹೆಂಡತಿ ಆಗಬಹುದಿತ್ತು, ಗೆಳೆಯ ಆಗಬಹುದಿತ್ತು, ಅಡತಿ ಅಂಗಡಿಯ ಸಾವಕಾರರು ಆಗಬಹುದಿತ್ತು, ಮಠ ಆಗಬಹುದಿತ್ತು.

ಆದ್ದರಿಂದ ಉಮರ್ಗಾ, ನಿಲಂಗಾ, ಉದಗೀರದ ಸಮಸ್ತ ಭಕ್ತರಲ್ಲಿ ನಮ್ಮ ಕೇಳಿಕೆ ಇಷ್ಟು. ಒಕ್ಕಲಿಗ ಬಂಧುಗಳೆ, ಸಾಲದ ಲೆಕ್ಕವನ್ನು ಮನೆಯವಳ ಮುಂದೆ, ಬೆಳೆದ ಮಕ್ಕಳ ಮುಂದೆ ಬಿಚ್ಚಿಡಿರಿ. ಸಾಲ ನಾಚಿಕೆಯಲ್ಲ, ಮಾನಕ್ಕಂಜಿ ಮದುವೆಗೆ ಹೊಲ ಒತ್ತೆ ಇಡುವುದು ನಾಚಿಕೆ. ವ್ಯಾಪಾರಸ್ಥ ಬಂಧುಗಳೆ, ರಾಶಿಯ ಕಾಲದಲ್ಲಿ ತೂಕ ಸರಿಯಿರಲಿ, ಪಟ್ಟಿ ಸರಿಯಿರಲಿ. ಮಿರುಗದ ಮಳೆ ಬಿದ್ದಾಗ ಬೀಜಕ್ಕೆ ಕೈಯೊಡ್ಡಿ ಬಂದವನಿಗೆ ಬಡ್ಡಿಯ ಮಾತಿಗಿಂತ ಮೊದಲು ಕೂಡಲು ಹೇಳಿ ನೀರು ಕೊಡಿರಿ. ನಿಮ್ಮ ಒಡ್ಡಿನಲ್ಲಿ ಎರಡು ಬಾಯಿ ಇರಲಿ. ತಾಯಂದಿರೆ, ಗಂಡಸರು ಊಟ ಬಿಟ್ಟು ಸುಮ್ಮನೆ ಕೂತ ದಿನಗಳನ್ನು ಎಣಿಸಿರಿ. ಒಬ್ಬರೇ ಹೊರದೆ ಹಿರಿಯರಿಗೆ ಹೇಳಿರಿ.

ಪ್ರತಿ ಸೋಮವಾರ ನಿಮ್ಮ ಊರಿನ ಗುಡಿಯಲ್ಲಿಯೋ ಮಠದಲ್ಲಿಯೋ ಪ್ರಾರ್ಥನೆ ಮುಗಿದ ಮೇಲೆ ಐದು ನಿಮಿಷ ಕುಳಿತುಕೊಳ್ಳಿರಿ. ಈ ವಾರ ಯಾರು ಬಂದಿಲ್ಲ ಎಂದು ಒಬ್ಬರು ಕೇಳಲಿ. ಬಾರದವರ ಮನೆಗೆ ಇಬ್ಬರು ಹೋಗಿಬರಲಿ. ಅವರು ನಮ್ಮವರೋ ಬೇರೆ ಸಮಾಜದವರೋ ಎಂದು ನೋಡಬೇಡಿರಿ. 1993ರ ಆ ನಸುಕಿನಲ್ಲಿ ಮಣ್ಣು ತೋಡಿದ ಕೈಗಳು ಯಾರ ಜಾತಿಯನ್ನೂ ಕೇಳಲಿಲ್ಲ. ಒಳಗಿನಿಂದ ಕೂಗು ಬರುತ್ತದೆಯೇ ಎಂದಷ್ಟೇ ಕಿವಿಗೊಟ್ಟವು. ಹಾಗೆ ಕಿವಿಗೊಡುವ ಒಬ್ಬ ನೆರೆಯವನು 77 ಮೆಟ್ಟಿಲಿನ ಹುಡೆಗಿಂತ ದೊಡ್ಡ ಕಾವಲು. ಅಂತಹ ಕಾವಲುಗಾರ ನಿಮ್ಮ ಓಣಿಯಲ್ಲಿ ಇಲ್ಲವೆನಿಸಿದರೆ, ಇಂದು ಸಂಜೆಯಿಂದ ನೀವೇ ಆಗಿರಿ.